ಐಕಾನ್ ತೆಗೆದರೂ ಬೆರಳು ಮರೆಯದು: ಯಾವ ಮಿನಿಮಲ್ ಲಾಂಚರ್ ಯಾರಿಗೆ?

ಪ್ರಶ್ನೆ: ಫೋನ್ ನೋಡುವುದನ್ನು ಕಡಿಮೆ ಮಾಡಬೇಕು ಅಂತ ಎರಡು ತಿಂಗಳ ಹಿಂದೆ ಓಲಾಂಚರ್ ಅನ್ನುವ ಲಾಂಚರ್ (ಆಂಡ್ರಾಯ್ಡ್ ಫೋನ್‌ನ ಹೋಮ್ ಸ್ಕ್ರೀನ್ ಬದಲಿಸುವ ಆ್ಯಪ್) ಹಾಕಿಕೊಂಡೆ. ಮೊದಲ ವಾರ ತುಂಬಾ ಚೆನ್ನಾಗಿತ್ತು. ಈಗ ನೋಡಿದರೆ ಮತ್ತೆ ಮೊದಲಿನಷ್ಟೇ ಫೋನ್ ಹಿಡಿದಿರುತ್ತೇನೆ. ಒಬ್ಬ ಗೆಳೆಯ ನಯಾಗರಾ ಹಾಕಿಕೋ ಅಂತಾನೆ. ಇನ್ನೊಬ್ಬ ದುಡ್ಡು ಕೊಟ್ಟು ‘ಮಿನಿಮಲಿಸ್ಟ್ ಫೋನ್’ ಅನ್ನುವ ಲಾಂಚರ್ ತಗೋ ಅಂತಾನೆ. ಇವುಗಳಲ್ಲಿ ಯಾವುದು ಒಳ್ಳೆಯದು? ಇವು ಕೇಳುವ ಅನುಮತಿಗಳನ್ನು ಕೊಡಬಹುದೇ? ಬ್ಯಾಟರಿ ಉಳಿಯುತ್ತದೆಯೇ? ಮನೆಯಲ್ಲಿ ಒಂದು ಐಫೋನ್ ಕೂಡ ಇದೆ, ಅದರಲ್ಲೂ ಹೀಗೆ ಮಾಡಲು ಆಗುತ್ತದೆಯೇ?

ಉತ್ತರ: ‘ಮೊದಲ ವಾರ ಚೆನ್ನಾಗಿತ್ತು’ ಅಂದಿರಲ್ಲ, ಅಲ್ಲೇ ಇದೆ ನೋಡಿ ಎಲ್ಲ ಗುಟ್ಟು. ಓಲಾಂಚರ್ ಕೆಟ್ಟಿಲ್ಲ. ನಿಮ್ಮ ಮನಸ್ಸೂ ಸಡಿಲವಾಗಿಲ್ಲ. ನಿಮ್ಮ ಹೆಬ್ಬೆರಳು ಹೊಸ ದಾರಿ ಕಲಿತುಕೊಂಡಿದೆ, ಅಷ್ಟೇ.

ಮೊದಲ ವಾರ ಏನಾಯಿತು? ಇನ್ನೇನೋ ಕೆಲಸಕ್ಕೆ ಫೋನ್ ತೆಗೆದಿರಿ. ಕಪ್ಪು ಪರದೆ, ಗಂಟೆ, ನಾಲ್ಕೈದು ಹೆಸರು. ಕಣ್ಣು ಸೆಳೆಯುವ ಬಣ್ಣ ಇಲ್ಲ, ಕೆಂಪು ಚುಕ್ಕೆ ಇಲ್ಲ. ಇನ್‌ಸ್ಟಾಗ್ರಾಮ್ ಎಲ್ಲಿದೆ ಅಂತ ಹುಡುಕಬೇಕಿತ್ತು. ಹುಡುಕುವಷ್ಟರಲ್ಲಿ ‘ಬೇಡ ಬಿಡು’ ಅನ್ನಿಸಿತು. ಎರಡನೇ ವಾರದ ಹೊತ್ತಿಗೆ ಮೇಲಕ್ಕೆ ಸ್ವೈಪ್ ಮಾಡಿ ಎರಡು ಅಕ್ಷರ ಒತ್ತಿದರೆ ಸಾಕು ಅಂತ ಬೆರಳಿಗೆ ಗೊತ್ತಾಯಿತು. ಓಲಾಂಚರ್‌ನಲ್ಲಿ ಹುಡುಕುವಾಗ ಪಟ್ಟಿಯಲ್ಲಿ ಒಂದೇ ಹೆಸರು ಉಳಿದರೆ ಆ ಆ್ಯಪ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಕೆಲಸದ ಆ್ಯಪ್‌ಗಳಿಗೆ ಇದು ಬಹಳ ಅನುಕೂಲ. ಬಿಡಬೇಕೆಂದಿರುವ ಆ್ಯಪ್‌ಗೂ ಅಷ್ಟೇ ಅನುಕೂಲ! ಮೂರನೇ ಪುಟದ ಫೋಲ್ಡರ್‌ನಲ್ಲಿ ಐಕಾನ್ ಹುಡುಕುವುದಕ್ಕಿಂತ ಇದು ಬೇಗ ಆಗುತ್ತದೆ, ಅಲ್ವಾ? ದಾರಿ ಕಷ್ಟ ಮಾಡಲು ಹೋಗಿ ಸುಲಭ ಮಾಡಿಕೊಂಡಿದ್ದೀರಿ.

ಹಾಗಾಗಿ ಯಾವ ಲಾಂಚರ್ ಒಳ್ಳೆಯದು ಅಂತ ಹೇಳುವ ಮೊದಲು, ನೀವು ಆ ಆ್ಯಪ್‌ಗೆ ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ನಾನು ಕೇಳಬೇಕು. ನಾನು ನೋಡಿದ ಮಟ್ಟಿಗೆ ದಾರಿ ಮೂರು. ಕೆಲವರು ಕಣ್ಣಿನಿಂದ ಹೋಗುತ್ತಾರೆ. ಐಕಾನ್ ಕಂಡಿತು, ಒತ್ತಿದರು. ಕೆಲವರು ಬೆರಳಿನಿಂದ ಹೋಗುತ್ತಾರೆ. ಬೇಸರವಾದರೆ ಸಾಕು, ಪರದೆ ನೋಡದೆಯೇ ಬೆರಳು ಅಲ್ಲಿಗೆ ತಲುಪಿರುತ್ತದೆ. ಇನ್ನು ಕೆಲವರು ತಾವಾಗಿ ಹೋಗುವುದೇ ಇಲ್ಲ. ನೋಟಿಫಿಕೇಶನ್ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಅಕ್ಷರ ಮಾತ್ರ ಇರುವ ಲಾಂಚರ್ ಮೊದಲನೆಯವರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೆಯವರಿಗೆ ಸ್ವಲ್ಪ ದಿನ ಮಾತ್ರ. ಮೂರನೆಯವರಿಗೆ ಹೆಚ್ಚೇನೂ ಆಗುವುದಿಲ್ಲ. ನೋಟಿಫಿಕೇಶನ್ ಒತ್ತಿದರೆ ಹೋಮ್ ಸ್ಕ್ರೀನ್ ದಾರಿಯಲ್ಲೇ ಸಿಗುವುದಿಲ್ಲವಲ್ಲ!

ನೀವು ಯಾರು ಅಂತ ತಿಳಿಯಲು ಒಂದು ದಿನ ಸಾಕು. ಬೇಡದ ಆ್ಯಪ್ ತೆರೆದುಕೊಂಡಾಗಲೆಲ್ಲ, ಇಲ್ಲಿಗೆ ಹೇಗೆ ಬಂದೆ ಅಂತ ಚೀಟಿಯಲ್ಲಿ ಒಂದು ಗೆರೆ ಎಳೆಯಿರಿ. ಫೋನ್‌ನಲ್ಲಿ ಬರೆಯಬೇಡಿ, ಅಲ್ಲೇ ಕಳೆದುಹೋಗುತ್ತೀರಿ.

ಈಗ ಒಂದೊಂದಾಗಿ ನೋಡೋಣ.

ಓಲಾಂಚರ್ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಜಾಹೀರಾತಿಲ್ಲ. ಪ್ಲೇ ಸ್ಟೋರ್‌ನಲ್ಲೂ, ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಹೋಮ್ ಸ್ಕ್ರೀನ್‌ನಲ್ಲಿ ಹೆಚ್ಚೆಂದರೆ 8 ಹೆಸರು ಇಡಬಹುದು. ಒಂದೂ ಬೇಡ ಅಂದರೆ ಖಾಲಿಯೂ ಬಿಡಬಹುದು. ಎಡಕ್ಕೆ, ಬಲಕ್ಕೆ ಸ್ವೈಪ್ ಮಾಡಿದರೆ ಯಾವ ಆ್ಯಪ್ ತೆರೆಯಬೇಕು ಅಂತ ನೀವೇ ಹೇಳಬಹುದು. ಬೇಡದ ಆ್ಯಪ್ ಅಡಗಿಸಬಹುದು, ಹೆಸರೂ ಬದಲಿಸಬಹುದು. ವಿಜೆಟ್ (ಹೋಮ್ ಸ್ಕ್ರೀನ್‌ನಲ್ಲೇ ಮಾಹಿತಿ ತೋರಿಸುವ ಚೌಕ) ಇಡಲು ಆಗುವುದಿಲ್ಲ. ಹವಾಮಾನ, ಕ್ಯಾಲೆಂಡರ್ ಎಲ್ಲ ಎದುರಿಗೇ ಇರಬೇಕು ಅನ್ನುವವರಿಗೆ ಇದು ಕಿರಿಕಿರಿ. ಅಂಥವರು ದಿನಕ್ಕೆ ಹತ್ತು ಸಲ ಹವಾಮಾನದ ಆ್ಯಪ್ ತೆರೆಯುತ್ತಾರೆ, ತೆರೆದ ಮೇಲೆ ಪಕ್ಕದ ಆ್ಯಪ್‌ಗೂ ಹೋಗಿ ಬರುತ್ತಾರೆ.

ನಯಾಗರಾ ಬೇರೆಯೇ ಜಾತಿ. ನಿಮ್ಮ ಗೆಳೆಯ ಇದನ್ನು ಓಲಾಂಚರ್‌ನ ಸಾಲಿಗೆ ಸೇರಿಸಿದ್ದು ತಪ್ಪೇನಲ್ಲ, ಆದರೆ ಎರಡರ ಉದ್ದೇಶ ಬೇರೆ. ನಯಾಗರಾದಲ್ಲಿ ಐಕಾನ್ ಉಳಿಯುತ್ತದೆ. ಮೆಚ್ಚಿನ ಆ್ಯಪ್‌ಗಳು ಒಂದರ ಕೆಳಗೊಂದು ಪಟ್ಟಿಯಾಗಿ ನಿಲ್ಲುತ್ತವೆ. ಪರದೆಯ ಅಂಚಿನಲ್ಲಿ ಅಕ್ಷರಮಾಲೆ ಇರುತ್ತದೆ. ಅದರ ಮೇಲೆ ಹೆಬ್ಬೆರಳು ಜಾರಿಸಿದರೆ ಅಕ್ಷರಗಳು ಅಲೆಯಂತೆ ಉಬ್ಬಿ, ಆ ಅಕ್ಷರದ ಆ್ಯಪ್‌ಗಳು ಕಾಣುತ್ತವೆ. ದೊಡ್ಡ ಫೋನನ್ನು ಒಂದೇ ಕೈಯಲ್ಲಿ ಬಳಸುವವರಿಗೆ ಇದಕ್ಕಿಂತ ಹಿತವಾದ ಲಾಂಚರ್ ನಾನು ಕಂಡಿಲ್ಲ. ಬಂದ ಸಂದೇಶದ ಮೊದಲ ಸಾಲು ಆ್ಯಪ್ ಹೆಸರಿನ ಕೆಳಗೇ ಕಾಣುತ್ತದೆ. ವಿಜೆಟ್‌ಗೂ ಜಾಗ ಇದೆ. ಕೆಲವು ಸೌಲಭ್ಯಗಳಿಗೆ ಮಾತ್ರ ದುಡ್ಡು ಕೊಟ್ಟು ಪ್ರೊ ತೆಗೆದುಕೊಳ್ಳಬೇಕು.

ಈ ಅಚ್ಚುಕಟ್ಟುತನವೇ ನಿಮಗೆ ತೊಂದರೆ. ನಯಾಗರಾ ಫೋನನ್ನು ಚೊಕ್ಕ ಮಾಡುತ್ತದೆ, ಆದರೆ ಬೇಸರದ ವಸ್ತು ಮಾಡುವುದಿಲ್ಲ. ನನಗಂತೂ ಅದನ್ನು ಹಾಕಿಕೊಂಡ ಮೇಲೆ ಫೋನ್ ಮುಟ್ಟುವ ಆಸೆ ಇನ್ನೂ ಜಾಸ್ತಿ ಆಯಿತು. ಸುಮ್ನೆ ಆ ಅಲೆ ಆಡಿಸುತ್ತಾ ಕೂರುತ್ತಿದ್ದೆ. ಮನೆ ಗುಡಿಸಿಟ್ಟ ಹಾಗೆ ಫೋನ್ ಇರಬೇಕು, ಬಳಕೆ ಎಷ್ಟಾದರೂ ಚಿಂತೆಯಿಲ್ಲ ಅನ್ನುವವರು ಕಣ್ಣು ಮುಚ್ಚಿ ಇದನ್ನೇ ಹಾಕಿಕೊಳ್ಳಲಿ.

ಕಿಸ್ ಲಾಂಚರ್ ಪೂರ್ತಿ ಹುಡುಕಾಟದ ಮೇಲೆ ನಿಂತಿದೆ. ಓಪನ್ ಸೋರ್ಸ್, ಗಾತ್ರದಲ್ಲಿ ಪುಟ್ಟದು, ಹಳೆಯ ಫೋನ್‌ನಲ್ಲೂ ಚುರುಕಾಗಿ ಓಡುತ್ತದೆ. ನೀವು ಹೆಚ್ಚು ತೆರೆಯುವುದು ಯಾವುದು ಅಂತ ಗಮನಿಸಿ ಅದನ್ನೇ ಮುಂದೆ ತರುತ್ತದೆ. ಈ ಬುದ್ಧಿವಂತಿಕೆ ನಿಮ್ಮ ವಿಷಯದಲ್ಲಿ ಉಲ್ಟಾ ಹೊಡೆಯುತ್ತದೆ. ಚಟದ ಆ್ಯಪ್ ಯಾವುದೋ ಅದನ್ನೇ ತಟ್ಟೆಯಲ್ಲಿಟ್ಟು ಕೊಡುತ್ತದೆ. ಕ್ವೇಸಿಟ್ಸೊ ಅನ್ನುವ ಇನ್ನೊಂದೂ ಇದೇ ದಾರಿಯದು. ಆ್ಯಪ್, ಸಂಪರ್ಕ, ಕ್ಯಾಲೆಂಡರ್, ಫೈಲ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕಿಕೊಡುತ್ತದೆ. ಕೆಲಸಗಾರರಿಗೆ ಇವು ಒಳ್ಳೆಯ ಸಾಧನ. ಫೋನ್ ಬಿಡಬೇಕು ಅನ್ನುವವರಿಗೆ ಅಲ್ಲ.

ಬಿಫೋರ್ ಲಾಂಚರ್‌ನ ಕಣ್ಣು ನೋಟಿಫಿಕೇಶನ್ ಮೇಲಿದೆ. ಯಾವ ಆ್ಯಪ್ ನಿಮ್ಮನ್ನು ಕೂಡಲೇ ಕರೆಯಬಹುದು, ಯಾವುದು ಕಾಯಬೇಕು ಅಂತ ಹೇಳಿಟ್ಟರೆ ಉಳಿದವನ್ನು ಸೋಸಿ ಪಕ್ಕಕ್ಕಿಡುತ್ತದೆ. ಮೂರನೇ ದಾರಿಯವರಿಗೆ ಇದು ಸರಿ. ಆದರೆ ಇದೇ ಕೆಲಸವನ್ನು ಫೋನ್‌ನ ಸೆಟ್ಟಿಂಗ್ಸ್‌ನಲ್ಲೇ ಬಹುಪಾಲು ಮಾಡಬಹುದು. ಆಂಡ್ರಾಯ್ಡ್ 13ರಿಂದ, ಅಂದರೆ 2022ರಿಂದ, ಹೊಸದಾಗಿ ಹಾಕಿದ ಆ್ಯಪ್ ನೋಟಿಫಿಕೇಶನ್ ಕಳಿಸಲು ನಿಮ್ಮ ಒಪ್ಪಿಗೆ ಕೇಳಬೇಕು. ನಾವು ಓದದೆ ‘ಸರಿ’ ಒತ್ತುತ್ತೇವೆ, ಅದು ಬೇರೆ ಮಾತು. ಒಂದು ಅರ್ಧ ಗಂಟೆ ಕುಳಿತು, ಮನುಷ್ಯರು ಕಳಿಸುವ ಸಂದೇಶ ಬಿಟ್ಟು ಮಿಕ್ಕ ಎಲ್ಲದರ ಬಾಯಿ ಮುಚ್ಚಿಸಿ. ಅದಕ್ಕೆ ಲಾಂಚರ್ ಬದಲಿಸಬೇಕಿಲ್ಲ.

ಇನ್ನು ದುಡ್ಡು ಕೊಡುವ ‘ಮಿನಿಮಲಿಸ್ಟ್ ಫೋನ್’. ನೋಡಲು ಓಲಾಂಚರ್ ತರಹವೇ ಇದೆ, ಬರೀ ಅಕ್ಷರ. ಕೆಲವು ದಿನ ಪುಕ್ಕಟೆ ಬಳಸಿ ಆಮೇಲೆ ಚಂದಾ ಕಟ್ಟಬೇಕು. ಹೆಚ್ಚುವರಿಯಾಗಿ ಏನು ಸಿಗುತ್ತದೆ ಅಂದರೆ ತಡೆ. ನೀವು ಗುರುತು ಮಾಡಿದ ಆ್ಯಪ್ ಒತ್ತಿದರೆ ಎಷ್ಟು ಹೊತ್ತು ಬಳಸುತ್ತೀರಿ ಅಂತ ಕೇಳುತ್ತದೆ, ಹೊತ್ತು ಮುಗಿದಾಗ ನೆನಪಿಸುತ್ತದೆ. ನೋಟಿಫಿಕೇಶನ್ ಸೋಸುವುದೂ ಇದೆ. ಬೆರಳಿನ ದಾರಿಯವರಿಗೆ, ಅಂದರೆ ಬಹುಶಃ ನಿಮಗೆ, ಬೇಕಾಗಿರುವುದು ಈ ತಡೆಯೇ. ಆದರೆ ಇದೊಂದಕ್ಕಾಗಿ ಚಂದಾ ಕಟ್ಟಬೇಕಿಲ್ಲ.

ತಡೆ ಅನ್ನುವುದು ನನ್ನ ಊಹೆಯ ಮಾತಲ್ಲ. ‘ಒನ್ ಸೆಕ್’ ಅಂತ ಒಂದು ಆ್ಯಪ್ ಇದೆ. ಅದು ಲಾಂಚರ್ ಅಲ್ಲ. ನೀವು ಆರಿಸಿದ ಆ್ಯಪ್ ತೆರೆಯಲು ಹೋದಾಗ ಅಡ್ಡ ನಿಂತು ಕೆಲವು ಸೆಕೆಂಡ್ ಕಾಯಿಸುತ್ತದೆ. ಆಮೇಲೆ ‘ಮುಂದೆ ಹೋಗುತ್ತೀರಾ, ವಾಪಸ್ ಹೋಗುತ್ತೀರಾ’ ಅಂತ ಕೇಳುತ್ತದೆ. ಇದನ್ನು ಬಳಸಿದ 280 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2023ರಲ್ಲಿ ಪಿಎನ್‌ಎಎಸ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ತೆರೆಯಲು ಹೋದವರು ಶೇ. 36ರಷ್ಟು ಸಲ ಹಾಗೇ ವಾಪಸಾದರು. ಆರು ವಾರ ಕಳೆಯುವಾಗ, ತೆರೆಯಲು ಹೋಗುವುದೇ ಮೊದಲ ವಾರಕ್ಕಿಂತ ಶೇ. 37ರಷ್ಟು ಕಡಿಮೆಯಾಗಿತ್ತು. ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಹೆಚ್ಚು ಕೆಲಸ ಮಾಡಿದ್ದು ‘ವಾಪಸ್ ಹೋಗು’ ಅನ್ನುವ ಬಟನ್. ಆಮೇಲೆ ಕಾಯಿಸುವುದು. ‘ಯೋಚನೆ ಮಾಡಿ’ ಅನ್ನುವ ಬರಹದಿಂದ ಪ್ರಯೋಜನ ಕಾಣಲಿಲ್ಲ. ಉಪದೇಶ ಯಾರಿಗೆ ಬೇಕು ಹೇಳಿ?

ಹಾಗಾದರೆ ನೀವೇನು ಮಾಡಬೇಕು? ಓಲಾಂಚರ್ ತೆಗೆಯಬೇಡಿ. ಅದರಲ್ಲೇ ಕಾಡುವ ಆ್ಯಪ್‌ನ ಹೆಸರು ಬದಲಿಸಿ. ಪಟ್ಟಿಯಲ್ಲಿ ಹೆಸರನ್ನು ಒತ್ತಿ ಹಿಡಿದರೆ ಆ ಅವಕಾಶ ಕಾಣುತ್ತದೆ. ನಾನು ನನ್ನ ಫೋನ್‌ನಲ್ಲಿ ಒಂದು ಆ್ಯಪ್‌ಗೆ ‘ಳಳಳ’ ಅಂತ ಹೆಸರಿಟ್ಟಿದ್ದೇನೆ. ನನ್ನ ಕೀಬೋರ್ಡ್ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ಇರುತ್ತದೆ. ಅದನ್ನು ತೆರೆಯಬೇಕೆಂದರೆ ಕೀಬೋರ್ಡ್ ಕನ್ನಡಕ್ಕೆ ಬದಲಿಸಬೇಕು, ಇಲ್ಲವೇ ಪಟ್ಟಿಯ ತಳಕ್ಕೆ ಇಳಿಯಬೇಕು. ಅಭ್ಯಾಸದ ಎರಡು ಅಕ್ಷರ ಒತ್ತಿದ ಬೆರಳು ಏನೂ ಸಿಗದೆ ತಬ್ಬಿಬ್ಬಾಗುತ್ತದೆ. ಆ ಒಂದು ಕ್ಷಣ ಸಾಕು. ತಿಂಗಳಿಗೊಮ್ಮೆ ಹೆಸರು ಬದಲಿಸುತ್ತಿರಿ, ಇಲ್ಲದಿದ್ದರೆ ಬೆರಳು ಇದನ್ನೂ ಕಲಿಯುತ್ತದೆ.

ಅಷ್ಟಕ್ಕೂ ಜಗ್ಗದಿದ್ದರೆ ಒನ್ ಸೆಕ್‌ನಂಥದ್ದನ್ನು ಜೊತೆಗೆ ಹಾಕಿ. ಅಥವಾ ಫೋನ್‌ನಲ್ಲೇ ಇರುವ ಡಿಜಿಟಲ್ ವೆಲ್‌ಬೀಯಿಂಗ್‌ಗೆ ಹೋಗಿ ಆ ಆ್ಯಪ್‌ಗೆ ಇಂತಿಷ್ಟು ನಿಮಿಷ ಅಂತ ಮಿತಿ ಹಾಕಿ. 2018ರಿಂದ ಇದು ಇದೆ. ಲಾಂಚರ್ ಯಾವುದೇ ಆದರೂ ಮಿತಿ ಮುಗಿದ ಮೇಲೆ ಆ್ಯಪ್ ತೆರೆಯುವುದಿಲ್ಲ. ಪರದೆಯನ್ನು ಕಪ್ಪು ಬಿಳುಪು ಮಾಡುವುದೂ ಒಂದು ಉಪಾಯ. 2020ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಬರೀ ಇದರಿಂದಲೇ ದಿನಕ್ಕೆ ಸರಾಸರಿ 38 ನಿಮಿಷದಷ್ಟು ಬಳಕೆ ತಗ್ಗಿತ್ತು. ಲಾಂಚರ್ ಬಣ್ಣ ತೆಗೆಯುವುದು ಹೋಮ್ ಸ್ಕ್ರೀನ್‌ನಲ್ಲಿ ಮಾತ್ರ. ಇದು ಆ್ಯಪ್‌ನ ಒಳಗೂ ತೆಗೆಯುತ್ತದೆ. ಫೋಟೋ ನೋಡುವಾಗ ಮಾತ್ರ ಗೋಳು.

ಅನುಮತಿಗಳ ಬಗ್ಗೆ ಕೇಳಿದ್ದೀರಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಲಾಂಚರ್ ಅಂದ ಮೇಲೆ ಫೋನ್‌ನಲ್ಲಿ ಯಾವ ಯಾವ ಆ್ಯಪ್ ಇದೆ ಅಂತ ಅದಕ್ಕೆ ಕಾಣಲೇಬೇಕು. ಇದು ತಪ್ಪಿಸಲಾಗದ್ದು. ಮೇಲಿನ ಸೌಲಭ್ಯಗಳಿಗೆ ಮೂರು ಬೇರೆ ಅನುಮತಿ ಬೇಕಾಗುತ್ತವೆ. ಪರದೆ ನೋಡಿದ ಸಮಯ ತೋರಿಸಲು ಬಳಕೆಯ ಮಾಹಿತಿ ಬೇಕು. ಇದು ಹೆಚ್ಚು ಭಯಪಡುವಂಥದ್ದಲ್ಲ. ನೋಟಿಫಿಕೇಶನ್ ಸೋಸಲು ಅಥವಾ ತೋರಿಸಲು ನೋಟಿಫಿಕೇಶನ್ ಓದುವ ಅನುಮತಿ ಬೇಕು. ಕೊಟ್ಟರೆ ನಿಮಗೆ ಬರುವ ಸಂದೇಶದ ಸಾಲು, ಕೆಲವೊಮ್ಮೆ ಒಟಿಪಿ ಕೂಡ, ಆ ಆ್ಯಪ್‌ನ ಕಣ್ಣಿಗೆ ಬೀಳಬಹುದು. ಮೂರನೆಯದು ಆ್ಯಕ್ಸೆಸಿಬಿಲಿಟಿ. ಎಲ್ಲಕ್ಕಿಂತ ಬಲವಾದದ್ದು ಇದೇ. ಪರದೆಯಲ್ಲಿ ಏನಿದೆ ಅಂತ ಓದಲು, ನಿಮ್ಮ ಪರವಾಗಿ ಒತ್ತಲು ಸಹ ಇದರಿಂದ ಆಗಬಹುದು.

ಖಾಲಿ ಜಾಗ ಎರಡು ಸಲ ತಟ್ಟಿ ಫೋನ್ ಲಾಕ್ ಮಾಡುವ ಸೌಲಭ್ಯ ಇದೆಯಲ್ಲ, ಅದು ಆಂಡ್ರಾಯ್ಡ್ 9ರಿಂದ ಈ ಆ್ಯಕ್ಸೆಸಿಬಿಲಿಟಿ ಮೂಲಕವೇ ನಡೆಯುವುದು. ಹಳೆಯ ವಿಧಾನದಲ್ಲಿ ಡಿವೈಸ್ ಅಡ್ಮಿನ್ ಅನುಮತಿ ಕೊಡುತ್ತಿದ್ದರು. ಹಾಗೆ ಲಾಕ್ ಮಾಡಿದರೆ ಬೆರಳಚ್ಚು ಒಪ್ಪುತ್ತಿರಲಿಲ್ಲ, ಪ್ರತಿ ಸಲ ಪಿನ್ ಹಾಕಬೇಕಿತ್ತು. ಹೊಸ ವಿಧಾನ ಅನುಕೂಲವೇನೋ ನಿಜ. ಆದರೆ ನಾನು ಅದನ್ನು ಆನ್ ಮಾಡಿದ ಮರುದಿನ ನನ್ನ ಬ್ಯಾಂಕ್ ಆ್ಯಪ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಗೊತ್ತಿಲ್ಲದ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ ಕೊಟ್ಟಿದ್ದೀರಿ, ತೆಗೆಯಿರಿ ಅಂತ ಪಟ್ಟು ಹಿಡಿಯಿತು. ಕಾರಣ ತಿಳಿಯದೆ ಮೊದಲು ಎರಡು ಸಲ ಬ್ಯಾಂಕ್ ಆ್ಯಪನ್ನೇ ತೆಗೆದು ಮತ್ತೆ ಹಾಕಿದ್ದೆ! ಈಗ ಪಕ್ಕದ ಬಟನ್ ಒತ್ತಿಯೇ ಲಾಕ್ ಮಾಡುತ್ತೇನೆ. ನೀವೂ ಹಾಗೆ ಮಾಡಿ. ಒನ್ ಸೆಕ್‌ನಂಥ ತಡೆಯುವ ಆ್ಯಪ್‌ಗಳಿಗೂ ಆಂಡ್ರಾಯ್ಡ್‌ನಲ್ಲಿ ಇದೇ ಅನುಮತಿ ಬೇಕಾಗುತ್ತದೆ. ಅದಕ್ಕೇ ನಾನು ಮೊದಲು ‘ಳಳಳ’ ಹೇಳಿದ್ದು.

ಲಾಂಚರ್‌ಗೆ ಇಂಟರ್‌ನೆಟ್ ಯಾಕೆ ಬೇಕು ಅಂತಲೂ ಕೇಳಿಕೊಳ್ಳಿ. ಓಲಾಂಚರ್‌ಗೆ ದಿನಕ್ಕೊಂದು ವಾಲ್‌ಪೇಪರ್ ತರುವ ಸೌಲಭ್ಯ ಇರುವುದರಿಂದ ಬೇಕು, ಸರಿ. ಕಾರಣ ಕಾಣದಿದ್ದರೆ ಅನುಮಾನಪಡಿ. ಲಾಂಚರ್ ಹಾಕಿದ ದಿನ ಯಾರದ್ದಾಗಿತ್ತೋ ಮುಂದೆಯೂ ಅವರದ್ದೇ ಆಗಿರುತ್ತದೆ ಅಂತಲೂ ಇಲ್ಲ. ನೋವಾ ಲಾಂಚರ್ ವರ್ಷಾನುಗಟ್ಟಲೆ ಆಂಡ್ರಾಯ್ಡ್ ಆಸಕ್ತರ ಕಣ್ಮಣಿಯಾಗಿತ್ತು. 2022ರಲ್ಲಿ ಬ್ರಾಂಚ್ ಅನ್ನುವ ಕಂಪನಿ ಅದನ್ನು ಕೊಂಡಿತು. ಓಪನ್ ಸೋರ್ಸ್ ಆದರೆ ಕೋಡ್ ಎಲ್ಲರ ಕಣ್ಣೆದುರು ಇರುತ್ತದೆ. ಮೂಲದವರು ಕೈಬಿಟ್ಟರೂ ಬೇರೆಯವರು ಎತ್ತಿಕೊಳ್ಳಬಹುದು. ಓಲಾಂಚರ್‌ನಿಂದಲೇ ಹುಟ್ಟಿದ ಕವಲುಗಳು ಈಗಾಗಲೇ ಇವೆ.

ಇನ್ನೊಂದು ಎಚ್ಚರಿಕೆ. ಹೊಸ ಲಾಂಚರ್ ಹಾಕಿದ ಮೇಲೆ ಹಳೆಯದು ಯಾಕೆ ಅಂತ ಕೆಲವರು ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಅದರ ಜೊತೆ ಬಂದ ಲಾಂಚರನ್ನು ಕಿತ್ತುಹಾಕುತ್ತಾರೆ. ಹಾಗೆ ಮಾಡಬೇಡಿ. ಆಂಡ್ರಾಯ್ಡ್ 9ರಿಂದೀಚೆಗೆ, ಇತ್ತೀಚೆಗೆ ತೆರೆದ ಆ್ಯಪ್‌ಗಳನ್ನು ತೋರಿಸುವ ಪರದೆ ಸಾಮಾನ್ಯವಾಗಿ ಆ ಮೂಲ ಲಾಂಚರ್‌ನ ಭಾಗ. ಅದು ಹೋದರೆ ಇದೂ ಹೋಗುತ್ತದೆ. ಬೆರಳಿನಿಂದ ಮೇಲಕ್ಕೆಳೆದು ಹೋಮ್‌ಗೆ ಬರುವಾಗ ಹೊಸ ಲಾಂಚರ್‌ನಲ್ಲಿ ಸಣ್ಣ ತಡವರಿಕೆ ಕಾಣುವುದೂ ಈ ಕಾರಣಕ್ಕೇ. ಎರಡು ಬೇರೆ ಆ್ಯಪ್‌ಗಳು ಒಂದು ಚಲನೆಯನ್ನು ಹಂಚಿಕೊಳ್ಳಬೇಕಲ್ಲ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ಬೇರೆ ಲಾಂಚರ್ ಹಾಕಿದರೆ ಸ್ವೈಪ್ ನ್ಯಾವಿಗೇಶನ್ನೇ ಸಿಗದೆ ಕೆಳಗಿನ ಮೂರು ಬಟನ್‌ಗೆ ಮರಳಬೇಕಾಗುತ್ತದೆ. ಅದು ಲಾಂಚರ್‌ನ ತಪ್ಪಲ್ಲ.

ಬ್ಯಾಟರಿ? ಲಾಂಚರ್‌ನಿಂದ ಉಳಿಯುವುದು ಅಷ್ಟಕ್ಕಷ್ಟೇ. ಹೋಮ್ ಸ್ಕ್ರೀನ್ ಮುಂದೆ ನಾವು ದಿನಕ್ಕೆ ಕೂರುವುದೇ ಕೆಲವು ನಿಮಿಷ. ಓಎಲ್‌ಇಡಿ ಪರದೆಯಲ್ಲಿ ಕಪ್ಪು ಚುಕ್ಕೆಗಳು ಬೆಳಗುವುದಿಲ್ಲ, ಅದರಿಂದ ಉಳಿತಾಯ ಇದೆ, ಎಲ್‌ಸಿಡಿಯಲ್ಲಿ ಅದೂ ಇಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಓಎಲ್‌ಇಡಿ ಫೋನ್‌ಗಳಲ್ಲಿ ಅಳೆದು ನೋಡಿದ್ದರು. ಆ್ಯಪ್‌ಗಳನ್ನು ಬಿಳಿ ಬಣ್ಣದಿಂದ ಡಾರ್ಕ್ ಮೋಡ್‌ಗೆ ಬದಲಿಸಿದರೆ, ಬೆಳಕು ಶೇ. 30ರಿಂದ 50ರಲ್ಲಿ ಇದ್ದಾಗ ಸಿಗುವ ಉಳಿತಾಯ ಸರಾಸರಿ ಶೇ. 3ರಿಂದ 9. ಬೆಳಕು ಪೂರ್ತಿ ಇಟ್ಟಾಗ ಮಾತ್ರ ಶೇ. 39ರಿಂದ 47. ಪೂರ್ತಿ ಬೆಳಕಿನಲ್ಲಿ ಯಾರು ಮನೆಯೊಳಗೆ ಫೋನ್ ನೋಡುತ್ತಾರೆ?

ಐಫೋನ್ ವಿಷಯ ಚಿಕ್ಕದು. ಅಲ್ಲಿ ಹೋಮ್ ಸ್ಕ್ರೀನ್ ಬದಲಿಸಲು ಆ್ಯಪಲ್ ಬಿಡುವುದಿಲ್ಲ, ಹಾಗಾಗಿ ನಿಜವಾದ ಲಾಂಚರ್ ಅನ್ನುವುದೇ ಇಲ್ಲ. ಆ ಹೆಸರಿನಲ್ಲಿ ಮಾರುವುದೆಲ್ಲ ವಿಜೆಟ್‌ಗಳು. ಅಕ್ಷರದ ಪಟ್ಟಿ ಇರುವ ಒಂದು ದೊಡ್ಡ ವಿಜೆಟ್ ಇಟ್ಟು, ಮಿಕ್ಕ ಐಕಾನ್‌ಗಳನ್ನು ತೆಗೆದರೆ ಹೆಚ್ಚುಕಡಿಮೆ ಓಲಾಂಚರ್‌ನಂತೆ ಕಾಣುತ್ತದೆ. 2020ರ ಐಒಎಸ್ 14ರಿಂದ ಐಕಾನ್‌ಗಳನ್ನು ಹೋಮ್ ಸ್ಕ್ರೀನ್‌ನಿಂದ ತೆಗೆದು ಆ್ಯಪ್ ಲೈಬ್ರರಿಯಲ್ಲಿ (ಎಲ್ಲ ಆ್ಯಪ್‌ಗಳೂ ಇರುವ ಕೊನೆಯ ಪುಟ) ಮಾತ್ರ ಇಡಬಹುದು, ಇಡೀ ಪುಟವನ್ನೇ ಅಡಗಿಸಬಹುದು. ಐಒಎಸ್ 18 ಬಂದ ಮೇಲೆ ಎಲ್ಲ ಐಕಾನ್‌ಗೂ ಒಂದೇ ಬಣ್ಣದ ಛಾಯೆ ಕೊಡಬಹುದು, ಹೆಸರು ಇಲ್ಲದ ಹಾಗೂ ಮಾಡಬಹುದು. ವಿಜೆಟ್ ಆ್ಯಪ್‌ಗೆ ದುಡ್ಡು ಕೊಡುವ ಮೊದಲು ಇಷ್ಟನ್ನು ಮಾಡಿ ನೋಡಿ.

ಒನ್ ಸೆಕ್ ಐಫೋನ್‌ನಲ್ಲೂ ಇದೆ, ಆ್ಯಪಲ್‌ನದೇ ಶಾರ್ಟ್‌ಕಟ್ಸ್ ಆ್ಯಪ್‌ನ ಆಟೊಮೇಶನ್ ಮೂಲಕ ಕೆಲಸ ಮಾಡುತ್ತದೆ. ಕಪ್ಪು ಬಿಳುಪು ಬೇಕಿದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಕಲರ್ ಫಿಲ್ಟರ್ಸ್ ಆನ್ ಮಾಡಿ, ಗ್ರೇಸ್ಕೇಲ್ ಆರಿಸಿ. ಪಕ್ಕದ ಬಟನ್ ಮೂರು ಸಲ ಒತ್ತಿದರೆ ಬಣ್ಣ ಬಂದು ಹೋಗುವ ಹಾಗೂ ಹೊಂದಿಸಿಕೊಳ್ಳಬಹುದು. ಫೋಟೋ ನೋಡುವಾಗ ಅದು ಬೇಕಾಗುತ್ತದೆ.